ಆ ಕೈ ಎತ್ತಿದ್ದು ಯಾರು?

ಮೊನ್ನೆ ಒಬ್ಬ ಮಗಳು ತನ್ನ ತಂದೆಯನ್ನು ಕರೆದುಕೊಂಡು ಬಂದಿದ್ದಳು. ಅವರಿಗೆ ಸ್ಟ್ರೋಕ್ ಆಗಿ ಹತ್ತು ವಾರ. ಬಲಗೈ ಸ್ವಾಧೀನದಲ್ಲಿಲ್ಲ. ಮಗಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ತಾರೀಕು ಹಾಕಿ, ಗೆರೆ ಎಳೆದು, ಅಚ್ಚುಕಟ್ಟಾಗಿ ಬರೆದಿದ್ದಳು. ಬೆಳಿಗ್ಗೆ 100, ಮಧ್ಯಾಹ್ನ 100, ಸಂಜೆ 100.

"ಒಂದು ದಿನವೂ ತಪ್ಪಿಸಿಲ್ಲ ಮೇಡಂ. ದಿನಕ್ಕೆ 300 ಸಲ ಕೈ ಎತ್ತಿ ಇಳಿಸಿದ್ದೀನಿ. ಆದ್ರೂ ಯಾಕೆ ಏನೂ ಆಗಿಲ್ಲ?"

"ಎತ್ತಿದ್ದು ಯಾರಮ್ಮ?"

"ನಾನೇ."

"ಆಗ ಅಪ್ಪ ಏನು ಮಾಡ್ತಿರ್ತಾರೆ?"

ಸ್ವಲ್ಪ ಯೋಚಿಸಿ ಹೇಳಿದಳು. "ಟಿವಿ ನೋಡ್ತಾ ಇರ್ತಾರೆ."

ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಅಷ್ಟು ಶ್ರದ್ಧೆ, ಅಷ್ಟು ದಿನದ ದುಡಿಮೆ. ಅದನ್ನು ಸರಿಯಾದ ದಾರಿಗೆ ಹಚ್ಚುವ ಒಂದು ಮಾತನ್ನು ಅವಳಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾನು ಫಿಸಿಯೋಥೆರಪಿ ಶುರು ಮಾಡಿದ ದಿನದಿಂದ ಇವತ್ತಿನವರೆಗೆ ಇದೇ ದೃಶ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಮನೆಯವರು ಕೈ ಎತ್ತುತ್ತಾರೆ, ಮಡಿಸುತ್ತಾರೆ, ತಿಕ್ಕುತ್ತಾರೆ. ಪೇಶೆಂಟ್ ಬೇರೆ ಕಡೆ ನೋಡುತ್ತಾ ಕೂತಿರುತ್ತಾರೆ. ಎಲ್ಲರೂ ಅದನ್ನು ವ್ಯಾಯಾಮ ಅಂದುಕೊಂಡಿರುತ್ತಾರೆ.

ಸ್ಟ್ರೋಕ್ ಯಾಕೆ ಆಗುತ್ತದೆ, ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ಯಾಕೆ ಬಿಡಬಾರದು ಅನ್ನುವುದನ್ನೆಲ್ಲ ನಿಮ್ಮ ಡಾಕ್ಟರ್ ಹೇಳಿರುತ್ತಾರೆ. ನಾನು ಹೇಳಬೇಕಾಗಿರುವುದು ಒಂದೇ ವಿಷಯ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅವಳ ಅಪ್ಪನ ಕೈಯಲ್ಲಿ ಏನೂ ಕೆಟ್ಟಿಲ್ಲ. ಹೆಪ್ಪುಗಟ್ಟಿದ ರಕ್ತ ಮೆದುಳಿನ ಒಂದು ರಕ್ತನಾಳವನ್ನು ಮುಚ್ಚಿತು. ಆ ನಾಳವನ್ನು ನಂಬಿಕೊಂಡಿದ್ದ ಜಾಗ ಸತ್ತಿತು. ಕೈಗೆ "ಏಳು" ಅಂತ ಹೇಳುತ್ತಿದ್ದ ಜಾಗ ಅದು. ಕೈಯ ಮೂಳೆ, ಸ್ನಾಯು, ಚರ್ಮ ಎಲ್ಲ ಸ್ಟ್ರೋಕಿನ ಹಿಂದಿನ ದಿನ ಹೇಗಿದ್ದವೋ ಹಾಗೇ ಇದ್ದವು. ಹೇಳುವವರಿಲ್ಲದೆ ಸುಮ್ಮನೆ ಬಿದ್ದವು, ಅಷ್ಟೇ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸ್ನಾಯುವೂ ಸೊರಗುತ್ತದೆ, ಕೀಲೂ ಹಿಡಿದುಕೊಳ್ಳುತ್ತದೆ. ಅದು ಆಮೇಲಿನ ಮಾತು.

ಸತ್ತ ಜಾಗ ಮತ್ತೆ ಜೀವ ತಳೆಯುವುದಿಲ್ಲ. ಹಾಗಾದರೆ ಕೈ ವಾಪಸ್ ಬರುವುದು ಹೇಗೆ? ಮೊದಲ ಕೆಲವು ವಾರಗಳಲ್ಲಿ ಒಂದಷ್ಟು ತಾನಾಗಿಯೇ ಬರುತ್ತದೆ. ಮೆದುಳಿನ ಊತ ಇಳಿಯುತ್ತದೆ. ಸಾಯದೆ ಮಂಕಾಗಿದ್ದ ಅಕ್ಕಪಕ್ಕದ ಭಾಗ ಎಚ್ಚರಗೊಳ್ಳುತ್ತದೆ. ಅದಾದ ಮೇಲೆ ಬರುವುದು ಹೆಚ್ಚಾಗಿ ಕಲಿಕೆಯಿಂದ. ಉಳಿದಿರುವ ಜಾಗಗಳು ಹೋದ ಜಾಗದ ಕೆಲಸವನ್ನು ಹೊಸದಾಗಿ ಕಲಿಯಬೇಕು. ಕಲಿಯಬೇಕಾದ್ದು ಏನು? ಕೈಗೆ ಆಜ್ಞೆ ಕೊಡುವುದನ್ನು.

ಈಗ ನೋಡಿ. ನೀವು ಅವರ ಕೈ ಹಿಡಿದು ಎತ್ತಿದಾಗ ಕೀಲಿನಿಂದ, ಚರ್ಮದಿಂದ ಮೆದುಳಿಗೆ ಒಂದಿಷ್ಟು ಸುದ್ದಿ ಹೋಗುತ್ತದೆ, ನಿಜ. ಆದರೆ ಅವರ ಮೆದುಳಿನಿಂದ ಆ ಕೈಗೆ ಆಜ್ಞೆ ಹೊರಡಲೇ ಇಲ್ಲ. ಆಜ್ಞೆ ಹೊರಟಿದ್ದು ನಿಮ್ಮ ಮೆದುಳಿನಿಂದ, ನಿಮ್ಮ ಕೈಗೆ. ಮಗುವಿನ ಕೈ ಹಿಡಿದು ಅಕ್ಷರ ತಿದ್ದಿಸುತ್ತೇವೆ ಅಲ್ವಾ? ಮಗು ಗಮನ ಕೊಟ್ಟು ತಾನೂ ಬೆರಳು ಒತ್ತಿದರೆ ಕಲಿಯುತ್ತದೆ. ಎತ್ತಲೋ ನೋಡುತ್ತಾ ಕೈಯನ್ನು ನಿಮಗೆ ಒಪ್ಪಿಸಿಬಿಟ್ಟರೆ ವರ್ಷಗಟ್ಟಲೆ ತಿದ್ದಿಸಿದರೂ ಬರೆಯಲು ಬರುವುದಿಲ್ಲ.

ಅಮೆರಿಕದ ವಿಜ್ಞಾನಿ ರಾಂಡಾಲ್ಫ್ ನ್ಯೂಡೋ ಮತ್ತು ಅವರ ಜೊತೆಗಾರರು 1996ರಲ್ಲಿ ಇದನ್ನು ಪುಟ್ಟ ಕೋತಿಗಳ ಮೆದುಳಿನಲ್ಲಿ ಕಣ್ಣಾರೆ ಕಂಡರು. ಕೈಯನ್ನು ಆಳುವ ಜಾಗದ ಒಂದು ಭಾಗದಲ್ಲಿ ಸಣ್ಣ ಸ್ಟ್ರೋಕ್ ಮಾಡಿಸಿದರು. ತರಬೇತಿ ಇಲ್ಲದೆ ಬಿಟ್ಟ ಕೋತಿಗಳಲ್ಲಿ, ಪೆಟ್ಟಾಗದೆ ಉಳಿದಿದ್ದ ಕೈಯ ಜಾಗವೂ ಕುಗ್ಗುತ್ತಾ ಹೋಯಿತು. ಚಿಕ್ಕ ಗುಳಿಯಿಂದ ತಿನಿಸನ್ನು ಆ ಸೋತ ಕೈಯಲ್ಲೇ ಬೆರಳು ಹಾಕಿ ತೆಗೆಯುವ ಅಭ್ಯಾಸ ಮಾಡಿಸಿದ ಕೋತಿಗಳಲ್ಲಿ ಅದು ಉಳಿಯಿತು. ಕೆಲವುಗಳಲ್ಲಿ ಮೊಣಕೈ, ಭುಜದ ಜಾಗಕ್ಕೂ ಹಬ್ಬಿತು. ಕೋತಿಯ ಪರವಾಗಿ ಯಾರೂ ತಿನಿಸು ತೆಗೆದುಕೊಡಲಿಲ್ಲ ಅನ್ನುವುದನ್ನು ಗಮನಿಸಿ.

ಹಾಗಂತ ನೀವು ಕೈ ಆಡಿಸುವುದು ದಂಡ ಅಂತ ನಾನು ಹೇಳುತ್ತಿಲ್ಲ. ಕೈ ಪೂರ್ತಿ ಸೋತಿದ್ದಾಗ ಕೀಲು ಹಿಡಿದುಕೊಳ್ಳದಂತೆ, ಬೆರಳು ಮಡಿಸಿಕೊಂಡು ಬಿಗಿಯದಂತೆ ದಿನಕ್ಕೆ ಒಂದೆರಡು ಸಲ ಮೆತ್ತಗೆ ಆಡಿಸಲೇಬೇಕು. ಮಸಾಜ್ ಹಿತವೆನಿಸಿದರೆ ಮಾಡಿ. ಅದು ಕೈಯನ್ನು ಕಾಪಾಡಿಕೊಳ್ಳುವ ಕೆಲಸ. ಕಲಿಯುವ ಕೆಲಸ ಬೇರೆ. ಎರಡನ್ನೂ ಒಂದೇ ಅಂದುಕೊಂಡಾಗ ತೊಂದರೆ ಶುರುವಾಗುತ್ತದೆ.

ಆಡಿಸುವುದನ್ನೇ ಕಲಿಕೆಯ ಕಡೆಗೆ ತಿರುಗಿಸಬಹುದು. ಮೊದಲು ಟಿವಿ ಆಫ್ ಮಾಡಿ. ಅವರ ಕಣ್ಣು ಆ ಕೈ ಮೇಲೇ ಇರಲಿ. "ಈಗ ಎತ್ತೋಣ" ಅಂದು ಕಾಯಿರಿ. ಅವರು ಪ್ರಯತ್ನ ಶುರು ಮಾಡಲಿ. ಹೊರಗೆ ಏನೂ ಕಾಣಿಸದಿದ್ದರೂ ಅವರ ಮುಖದಲ್ಲಿ ಕಾಣಿಸುತ್ತದೆ. ಆಮೇಲೆ, ಎಷ್ಟು ಕಡಿಮೆ ಬೇಕೋ ಅಷ್ಟೇ ಆಸರೆ ಕೊಡಿ. ನಾಳೆ ಇನ್ನೂ ಕಡಿಮೆ. ಮೇಜಿನ ಮೇಲೆ ಟವೆಲ್ ಹಾಸಿ ಅದರ ಮೇಲೆ ಕೈ ಇಟ್ಟು ಮುಂದಕ್ಕೆ ಜಾರಿಸಲು ಹೇಳಿ. ಕೈಯ ಭಾರವನ್ನು ಮೇಜು ಹೊರುತ್ತದೆ. ಅವರು ತಳ್ಳಿದರೆ ಸಾಕು. ನಾಲ್ಕು ಬೆರಳಗಲ ಜಾರಿದರೂ ಅದು ಅವರದು.

ಮೆತ್ತನೆಯ ಚೆಂಡು ಹಿಸುಕುವುದರ ಬಗ್ಗೆ ದಿನಕ್ಕೊಬ್ಬರಾದರೂ ಕೇಳುತ್ತಾರೆ. ಸ್ಟ್ರೋಕ್ ಆದ ಬಹಳಷ್ಟು ಕೈಗಳಿಗೆ ಮುಷ್ಟಿ ಕಟ್ಟುವುದು ಬೇಗ ಬರುತ್ತದೆ. ಬಿಡಿಸುವುದೇ ಕಷ್ಟ. ಹಿಡಿದ ಲೋಟವನ್ನು ಬಿಡಲು ಆಗದಿದ್ದರೆ ಆ ಹಿಡಿತದಿಂದ ಉಪಯೋಗ ಕಡಿಮೆ. ಆದ್ದರಿಂದ ಬೆರಳು ಈಗಾಗಲೇ ಬಿಗಿಯುತ್ತಿರುವವರಿಗೆ ನಾನು ಸಾಮಾನ್ಯವಾಗಿ ಚೆಂಡು ಕೊಡುವುದಿಲ್ಲ, ಬೆರಳು ಬಿಡಿಸುವ ಕೆಲಸ ಕೊಡುತ್ತೇನೆ. ನಿಮ್ಮವರ ಕೈಗೆ ಯಾವುದು ಸರಿ ಅನ್ನುವುದನ್ನು ನೋಡಿಯೇ ಹೇಳಬೇಕು.

ಇನ್ನು ಲೆಕ್ಕದ ಮಾತು. ಸಂಶೋಧಕಿ ಕ್ಯಾಥರೀನ್ ಲ್ಯಾಂಗ್ ಮತ್ತು ಜೊತೆಗಾರರು ಥೆರಪಿ ನಡೆಯುವಾಗ ಪಕ್ಕದಲ್ಲಿ ಕೂತು ಎಣಿಸಿದರು. 2009ರಲ್ಲಿ ಪ್ರಕಟವಾದ ಆ ಎಣಿಕೆಯ ಪ್ರಕಾರ ಒಂದು ಸೆಷನ್‌ನಲ್ಲಿ ಸೋತ ಕೈಯಿಂದ ಉಪಯೋಗದ ಚಲನೆ ಆಗಿದ್ದು ಸರಾಸರಿ 32 ಸಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಸಲ ಮಾಡಿಸಿರುತ್ತಾರೆ. ನಮ್ಮ ವೃತ್ತಿಯವರು ತಲೆತಗ್ಗಿಸಿ ಓದಬೇಕಾದ ಸಂಖ್ಯೆ ಆ 32. ವಾರಕ್ಕೆ ಮೂರು ದಿನ ನನ್ನ ಹತ್ತಿರ ಬಂದು ಮುಕ್ಕಾಲು ಗಂಟೆ ಮಾಡಿದರೆ ಮೆದುಳು ಕಲಿಯಲು ಸಾಲುವುದಿಲ್ಲ. ಉಳಿದ ಸಲಗಳು ಮನೆಯಲ್ಲೇ ಆಗಬೇಕು.

ಮನೆಯಲ್ಲಿ ಎಲ್ಲಿಂದ ಬರಬೇಕು? ದಿನದ ಕೆಲಸಗಳಿಂದ. ಮುಖ ತೊಳೆಯುವುದು, ತಲೆ ಬಾಚುವುದು, ಗುಂಡಿ ಹಾಕುವುದು, ಚಮಚ ಹಿಡಿಯುವುದು, ಸ್ವಿಚ್ ಒತ್ತುವುದು, ಪುಟ ತಿರುಗಿಸುವುದು. ಆದರೆ ಇವನ್ನೆಲ್ಲ ಯಾರು ಮಾಡುತ್ತಿದ್ದಾರೆ? ಹೆಂಡತಿ ಬಾಚುತ್ತಾರೆ. ಮಗ ಗುಂಡಿ ಹಾಕುತ್ತಾನೆ. ಸೊಸೆ ಊಟ ಮಾಡಿಸುತ್ತಾಳೆ. ಲೋಟಕ್ಕೆ ಕೈ ಚಾಚುವ ಮೊದಲೇ ಯಾರೋ ಓಡಿಬಂದು ಬಾಯಿಗೆ ಹಿಡಿಯುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ನನಗೆ ಗೊತ್ತು. ಅವರು ಒದ್ದಾಡುವುದನ್ನು ನೋಡುತ್ತಾ ಸುಮ್ನೆ ಕೂರುವುದು ಬಹಳ ಕಷ್ಟ. ನಾನು ದುಡ್ಡು ತೆಗೆದುಕೊಂಡು ಮಾಡುವ ಕೆಲಸವೇ ಅದು, ನನಗೇ ಒಮ್ಮೊಮ್ಮೆ ಕೈ ಮುಂದೆ ಹೋಗುತ್ತದೆ.

ಒಬ್ಬರು ಅಜ್ಜಿ ನೆನಪಾಗುತ್ತಾರೆ. ಎಡಗೈ ಸ್ವಲ್ಪ ಆಡುತ್ತಿತ್ತು, ಆದರೆ ಅವರು ಬಳಸುತ್ತಿರಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು ಬಲಗೈಯಲ್ಲೇ ಎಲ್ಲ ಮಾಡುತ್ತಿದ್ದರು. ನಾನು ಹೇಳಿದ್ದನ್ನು ನನ್ನೆದುರು ಮಾಡುತ್ತಿದ್ದರು, ಮನೆಗೆ ಹೋದರೆ ಮರೆತುಬಿಡುತ್ತಿದ್ದರು. ಒಂದು ರಜೆಯಲ್ಲಿ ಐದು ವರ್ಷದ ಮೊಮ್ಮಗ ಬಂದ. ಅವನಿಗೆ ಕನಿಕರ ಗೊತ್ತಿರಲಿಲ್ಲ. ಆಟದ ಇಟ್ಟಿಗೆ ಜೋಡಿಸುತ್ತಾ "ಅಜ್ಜಿ, ಈ ಕೈಲಿ ಇದನ್ನು ಹಿಡ್ಕೋ" ಅಂತ ಎಡಗೈಗೆ ತುರುಕುತ್ತಿದ್ದ. ಬಿದ್ದರೆ ಮತ್ತೆ ತುರುಕುತ್ತಿದ್ದ. ನೂರು ಸಲ ಬಿದ್ದಿರಬೇಕು. ರಜೆ ಮುಗಿಯುವ ಹೊತ್ತಿಗೆ ಅಜ್ಜಿ ಎಡಗೈಯಲ್ಲಿ ಇಟ್ಟಿಗೆ ಹಿಡಿದು, ಬೇಕಾದ ಕಡೆ ಬಿಡುತ್ತಿದ್ದರು. ಎಲ್ಲರಿಗೂ ಹೀಗೇ ಆಗುತ್ತದೆ ಅಂತ ಹೇಳಲಾರೆ. ಆ ಕೈಯಲ್ಲಿ ಚಲನೆ ಮೊದಲೇ ಇತ್ತು. ಕೆಲಸ ಸಿಕ್ಕಿರಲಿಲ್ಲ.

ಇದಕ್ಕೆ ವಿಜ್ಞಾನದಲ್ಲಿ ಒಂದು ಹಿನ್ನೆಲೆ ಇದೆ. ಎಡ್ವರ್ಡ್ ಟೌಬ್ ಎನ್ನುವ ಮನೋವಿಜ್ಞಾನಿ ಕೋತಿಗಳ ಒಂದು ಕೈಯ ಸ್ಪರ್ಶದ ನರ ಕತ್ತರಿಸಿದಾಗ, ಆಡಿಸಲು ಸಾಧ್ಯವಿದ್ದರೂ ಅವು ಆ ಕೈಯನ್ನು ಬಿಟ್ಟುಬಿಟ್ಟವು. ಒಳ್ಳೆಯ ಕೈಯನ್ನು ಕಟ್ಟಿದಾಗ ಮತ್ತೆ ಬಳಸಿದವು. ಮೊದಮೊದಲು ಪ್ರಯತ್ನಪಟ್ಟು ಸೋತು, ಕೊನೆಗೆ "ಈ ಕೈ ಇಲ್ಲ" ಎಂದು ಕಲಿತುಬಿಟ್ಟಿದ್ದವು. ಮನುಷ್ಯರಲ್ಲೂ ಹೀಗೇ ಆಗುತ್ತದೆ. ಈ ತಿಳಿವಳಿಕೆಯಿಂದ ಹುಟ್ಟಿದ ಚಿಕಿತ್ಸೆಯನ್ನು ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದ 222 ಜನರಲ್ಲಿ ಪರೀಕ್ಷಿಸಿದರು. ಫಲಿತಾಂಶ 2006ರಲ್ಲಿ ಬಂತು. ಎರಡು ವಾರ, ಎಚ್ಚರವಿರುವ ಹೆಚ್ಚಿನ ಹೊತ್ತು ಒಳ್ಳೆಯ ಕೈಗೆ ದಪ್ಪ ಕೈಗವಸು, ಸೋತ ಕೈಗೆ ದಿನವೂ ಗಂಟೆಗಟ್ಟಲೆ ಕೆಲಸ. ವರ್ಷದ ನಂತರವೂ ಸುಧಾರಣೆ ಉಳಿದಿತ್ತು.

ಇದನ್ನು ಓದಿ ಇವತ್ತೇ ಒಳ್ಳೆಯ ಕೈ ಕಟ್ಟಬೇಡಿ! ಮಣಿಕಟ್ಟು, ಬೆರಳು ಸ್ವಲ್ಪವಾದರೂ ಮೇಲಕ್ಕೆ ಎತ್ತಲು ಬರುವವರಿಗೆ ಮಾತ್ರ ಇದು. ಎಡವಿದಾಗ ಕಂಬಿ ಹಿಡಿಯಲು ಕೈ ಇಲ್ಲದಿದ್ದರೆ ಸೊಂಟ ಮುರಿಯುತ್ತದೆ. ತಿಳಿದವರು ಪರೀಕ್ಷೆ ಮಾಡಿ ಹೇಳಿದರೆ ಮಾತ್ರ ಮಾಡಿ.

ನುಂಗುವುದರಲ್ಲೂ ಎಚ್ಚರ ಬೇಕು. ಸ್ಟ್ರೋಕ್ ಆದ ಹೊಸತರಲ್ಲಿ ನೀರು, ಊಟ ಶ್ವಾಸನಾಳಕ್ಕೆ ಇಳಿಯುವ ಅಪಾಯ ಇರುತ್ತದೆ. ನುಂಗುವುದನ್ನು ಪರೀಕ್ಷಿಸಿ ಅನುಮತಿ ಕೊಡುವ ಮೊದಲು "ಅವರೇ ಕುಡಿಯಲಿ" ಅಂತ ಲೋಟ ಕೊಡಬೇಡಿ. ಮೊದಲ ದಿನವೇ ಹಟ ಹಿಡಿದು ನಡೆಸಬೇಡಿ. 2015ರಲ್ಲಿ ಪ್ರಕಟವಾದ, 2104 ಜನರ ಮೇಲಿನ ದೊಡ್ಡ ಅಧ್ಯಯನದಲ್ಲಿ ಮೊದಲ 24 ಗಂಟೆಯೊಳಗೇ ಪದೇ ಪದೇ, ಜಾಸ್ತಿ ಹೊತ್ತು ಎಬ್ಬಿಸಿದವರ ಫಲಿತಾಂಶ ಸ್ವಲ್ಪ ಹಿಂದೆಯೇ ಬಿತ್ತು. ಯಾವಾಗ ಎಬ್ಬಿಸಬೇಕು ಅನ್ನುವುದನ್ನು ಆಸ್ಪತ್ರೆಯವರಿಗೆ ಬಿಡಿ. ಮತ್ತೆ, ಸೋತ ಕೈ ಹಿಡಿದು ಎಳೆದು ಎಬ್ಬಿಸಬೇಡಿ, ಯಾವತ್ತೂ. ಭುಜವನ್ನು ಹಿಡಿದಿಡುವ ಸ್ನಾಯು ಸಡಿಲವಾಗಿರುತ್ತದೆ. ಒಂದು ಎಳೆತಕ್ಕೆ ಶುರುವಾದ ಭುಜದ ನೋವು ತಿಂಗಳುಗಟ್ಟಲೆ ಕಾಡುತ್ತದೆ, ಆಮೇಲೆ ಆ ಕೈಯನ್ನು ಮುಟ್ಟಲೂ ಬಿಡುವುದಿಲ್ಲ. ತಲೆಯ ಮೇಲೆ ರಾಟೆ ಕಟ್ಟಿ ಎಳೆಯುವುದೂ ಬೇಡ.

ನನ್ನ ಮಾತನ್ನು ಇನ್ನೊಂದು ತುದಿಗೆ ಒಯ್ಯುವವರೂ ಇದ್ದಾರೆ. ಒಬ್ಬ ಮಗ ತಾಯಿಯ ಮುಂದೆ ನಿಂತು "ಎತ್ತಮ್ಮ, ಎತ್ತು, ನಿಂಗೆ ಮನಸ್ಸೇ ಇಲ್ಲ" ಅಂತ ಗದರುತ್ತಿದ್ದ. ಆ ತಾಯಿಯ ಕಣ್ಣಲ್ಲಿ ನೀರು. ದಯವಿಟ್ಟು ಹಾಗೆ ಮಾಡಬೇಡಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ಹತ್ತು ನಿಮಿಷಕ್ಕೇ ಹಣ್ಣಾಗುವ ಆಯಾಸ ಸೋಮಾರಿತನವಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಕೆಲವರಿಗೆ ತಮ್ಮ ಎಡಭಾಗ ಇದೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಕೆಲವು ಕೈಗಳು ಎಷ್ಟು ಮಾಡಿದರೂ ಪೂರ್ತಿ ವಾಪಸ್ ಬರುವುದಿಲ್ಲ. ಅದು ಅವರ ತಪ್ಪಲ್ಲ, ನಿಮ್ಮದೂ ಅಲ್ಲ. ಪೆಟ್ಟು ಎಲ್ಲಿ, ಎಷ್ಟು ಆಗಿದೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಚಲನೆ ಒಂದಿಷ್ಟೂ ಇಲ್ಲದವರಿಗೆ ಕನ್ನಡಿ ಇಟ್ಟು ಮಾಡಿಸುವ ಅಭ್ಯಾಸ, ಸಣ್ಣ ಕರೆಂಟ್ ಕೊಟ್ಟು ಸ್ನಾಯುವನ್ನು ಎಬ್ಬಿಸುವುದು ಇವೆ. ಅಲ್ಲೂ ಅವರು ಮನಸ್ಸಿಟ್ಟು ಪ್ರಯತ್ನಿಸುತ್ತಿರಬೇಕು.

ಮಾತು ಹೋದವರಿಗೂ ಇದೇ ಅನ್ವಯ. ಅವರು ಪದ ಹುಡುಕುತ್ತಿದ್ದಾಗ ನೀವೇ ವಾಕ್ಯ ಮುಗಿಸಬೇಡಿ. ಬಾಯಿ ಮುಚ್ಚಿಕೊಂಡು ಹತ್ತು ಎಣಿಸಿ.

"ಆರು ತಿಂಗಳು ಆಯ್ತು, ಇನ್ನು ಬರಲ್ಲ ಅಂತಾರೆ" ಅನ್ನುವುದನ್ನೂ ಕೇಳುತ್ತೇನೆ. ಹೆಚ್ಚಿನ ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಆಗುತ್ತದೆ, ಅದಕ್ಕೇ ಆ ಸಮಯ ಹಾಳು ಮಾಡಬೇಡಿ ಅಂತ ಬೇಡಿಕೊಳ್ಳುತ್ತೇನೆ. ಆದರೆ ಆರು ತಿಂಗಳಿಗೆ ಬಾಗಿಲು ಮುಚ್ಚುವುದಿಲ್ಲ. ಲಂಡನ್ನಿನ ಕ್ವೀನ್ ಸ್ಕ್ವೇರ್‌ನ ನರರೋಗ ಆಸ್ಪತ್ರೆಯಲ್ಲಿ ಮೂರು ವಾರಕ್ಕೆ 90 ಗಂಟೆಗಳ ಕೈಯ ತರಬೇತಿ ಕೊಡುತ್ತಾರೆ. 2019ರಲ್ಲಿ ಅವರು ಪ್ರಕಟಿಸಿದ 224 ಜನರ ವರದಿಯಲ್ಲಿ ಅರ್ಧದಷ್ಟು ಜನರಿಗೆ ಸ್ಟ್ರೋಕ್ ಆಗಿ ಒಂದೂವರೆ ವರ್ಷವೋ ಅದಕ್ಕಿಂತ ಜಾಸ್ತಿಯೋ ಆಗಿತ್ತು. ಅವರ ಕೈಗಳು ಸುಧಾರಿಸಿದವು.

ಆ ಮಗಳು ಮೂರು ವಾರ ಬಿಟ್ಟು ಮತ್ತೆ ಬಂದಳು. ನೋಟ್‌ಬುಕ್ಕಿನಲ್ಲಿ ಹಳೆಯ ಗೆರೆ ಹೊಡೆದು ಹಾಕಿ ಹೊಸ ಕಾಲಂ ಮಾಡಿದ್ದಳು. ಮೇಲೆ "ಅಪ್ಪ ಮಾಡಿದ್ದು" ಅಂತ ಬರೆದಿತ್ತು. ಟವೆಲ್ ಜಾರಿಸಿದ್ದು 60. ಸ್ವಿಚ್ ಒತ್ತಿದ್ದು 4. ಲೋಟ ಮುಟ್ಟಿದ್ದು 15. ಲೋಟ ಎತ್ತಿದ್ದು 0.

"ಇನ್ನೂ ಎತ್ತೋಕಾಗ್ತಿಲ್ಲ ಮೇಡಂ" ಅಂದಳು.

ಅಪ್ಪ ಆಗಲೇ ನನ್ನ ಮೇಜಿನ ಮೇಲಿದ್ದ ಲೋಟದ ಕಡೆ ಕೈ ಸರಿಸುತ್ತಿದ್ದರು. ಮಗಳು ಹಿಡಿದುಕೊಡಲು ಮುಂದೆ ಬಾಗಿದಳು, ನನ್ನ ಮುಖ ನೋಡಿದಳು, ಮತ್ತೆ ಹಿಂದಕ್ಕೆ ಒರಗಿ ಕೂತಳು.