ನೋಯದ ಹುಣ್ಣು

ಹುಣ್ಣು ಅಂದರೆ ನೋಯಬೇಕು, ನೋವು ಕಮ್ಮಿಯಾದರೆ ವಾಸಿಯಾಗುತ್ತಿದೆ ಅಂತ ಅರ್ಥ. ನಮ್ಮೆಲ್ಲರ ಲೆಕ್ಕ ಇದೇ ಅಲ್ವಾ? ಸಿಫಿಲಿಸ್‌ನಲ್ಲಿ ಈ ಲೆಕ್ಕ ಕೈಕೊಡುತ್ತದೆ. ಹಿಂದಿನವರು ಪರಂಗಿ ಹುಣ್ಣು ಅನ್ನುತ್ತಿದ್ದರಲ್ಲ, ಹೆಚ್ಚಾಗಿ ಲೈಂಗಿಕ ಸಂಪರ್ಕದಿಂದ ಹರಡುವ ಅದೇ ರೋಗ. ಸೋಂಕು ತಗುಲಿ ಸುಮಾರು ಮೂರು ವಾರಕ್ಕೆ, ಬೇಗ ಅಂದರೆ 9 ದಿನಕ್ಕೆ, ತಡ ಅಂದರೆ 90 ದಿನಕ್ಕೆ, ಬ್ಯಾಕ್ಟೀರಿಯಾ ಒಳಗೆ ಹೊಕ್ಕ ಜಾಗದಲ್ಲೇ ಹುಣ್ಣು ಏಳುತ್ತದೆ. ಹೆಚ್ಚಾಗಿ ಒಂದೇ ಒಂದು. ಮುಟ್ಟಿದರೆ ಚರ್ಮದಡಿ ಅಂಗಿಯ ಗುಂಡಿ ಇಟ್ಟ ಹಾಗೆ ಗಟ್ಟಿ. ನೋವು ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ.

ಜನನಾಂಗದ ಮೇಲಿದ್ದರೆ ಕಣ್ಣಿಗೆ ಬೀಳಬಹುದು. ಗುದದ್ವಾರದ ಒಳಗೋ, ಗರ್ಭಕೋಶದ ಬಾಯಿಯ ಮೇಲೋ, ಗಂಟಲಲ್ಲೋ ಇದ್ದರೆ ಹೇಗೆ ಗೊತ್ತಾಗಬೇಕು? ಬಾಯಲ್ಲಿ ಕಂಡರೂ ಉಷ್ಣ ಆಗಿರಬೇಕು ಅಂತ ಎಳನೀರು ಕುಡಿದು ಸುಮ್ನಾಗುತ್ತೇವೆ. ಮೂರರಿಂದ ಆರು ವಾರದಲ್ಲಿ ಅದು ತಾನಾಗಿಯೇ ಮಾಯುತ್ತದೆ. ಹಚ್ಚಿದ ಮುಲಾಮಿನಿಂದ ವಾಸಿಯಾಯಿತು ಅನ್ನಿಸುತ್ತದೆ. ಅಷ್ಟರಲ್ಲಿ ಬ್ಯಾಕ್ಟೀರಿಯಾ ರಕ್ತ ಸೇರಿ ಮೈಯೆಲ್ಲ ಹರಡಿರುತ್ತದೆ.

ಈ ಬ್ಯಾಕ್ಟೀರಿಯಾದ ಹೆಸರು ಟ್ರೆಪೊನಿಮಾ ಪ್ಯಾಲಿಡಮ್. 1905ರಲ್ಲಿ ಬರ್ಲಿನ್‌ನಲ್ಲಿ ಫ್ರಿಟ್ಸ್ ಶೌಡಿನ್ ಮತ್ತು ಎರಿಕ್ ಹಾಫ್‌ಮನ್ ಇದನ್ನು ಮೊದಲು ಗುರುತಿಸಿದರು. ಎಷ್ಟು ತೆಳು ಅಂದರೆ ಮಾಮೂಲಿ ಸೂಕ್ಷ್ಮದರ್ಶಕದಲ್ಲಿ ಕಾಣುವುದೇ ಕಷ್ಟ. ಹುಣ್ಣಿನ ರಸವನ್ನು ಗಾಜಿನ ಮೇಲೆ ತೆಗೆದುಕೊಂಡು, ಹಿನ್ನೆಲೆಯನ್ನು ಕಪ್ಪು ಮಾಡಿ, ಪಕ್ಕದಿಂದ ಬೆಳಕು ಬಿಟ್ಟು ನೋಡಿದರೆ ಸಣ್ಣ ಬೆಳ್ಳಿಯ ಸ್ಪ್ರಿಂಗ್ ತಿರುಗುತ್ತಾ ಹೋದ ಹಾಗೆ ಕಾಣುತ್ತದೆ. ಒಂದು ಎರಡಾಗಲು ಮೂವತ್ತು ಗಂಟೆಗೂ ಜಾಸ್ತಿ ಬೇಕು. ಮೈಮೇಲೆ ಪ್ರೋಟೀನ್‌ಗಳೂ ಬಹಳ ಕಮ್ಮಿ, ಹಾಗಾಗಿ ನಮ್ಮ ರೋಗನಿರೋಧಕ ಕಣಗಳಿಗೆ ಇದನ್ನು ಹಿಡಿಯಲು ಗುರುತೇ ಸಿಗುವುದಿಲ್ಲ.

ಲ್ಯಾಬ್‌ನಲ್ಲಿ ಬೆಳೆಸಿ ನೋಡೋಣ ಅಂದರೆ ಅದೂ ಸುಲಭವಲ್ಲ. ಮೊಲದ ಮೈಯಲ್ಲಲ್ಲದೆ ಹೊರಗೆ ಬಹುಕಾಲ ಬೆಳೆಸುವುದು 2018ರವರೆಗೆ ಆಗಿರಲೇ ಇಲ್ಲ. ಅದಕ್ಕೇ ನಾವು ಹೆಚ್ಚಾಗಿ ಬ್ಯಾಕ್ಟೀರಿಯಾವನ್ನಲ್ಲ, ಅದಕ್ಕೆ ದೇಹ ಕೊಟ್ಟ ಉತ್ತರವನ್ನು, ಅಂದರೆ ಪ್ರತಿಕಾಯಗಳನ್ನು, ರಕ್ತದಲ್ಲಿ ಹುಡುಕುತ್ತೇವೆ. ಬಸುರಿಯರಿಗೆ ಬರೆದುಕೊಡುವ ವಿಡಿಆರ್‌ಎಲ್ ಅಂಥದ್ದೇ ಪರೀಕ್ಷೆ. ಅದರ ತಂಗಿಯಂತಿರುವ ಆರ್‌ಪಿಆರ್ ಇನ್ನೂ ಸರಳ. ಬಿಳಿ ಕಾರ್ಡಿನ ವೃತ್ತದೊಳಗೆ ಒಂದು ಹನಿ ಸೀರಮ್ (ರಕ್ತದ ತಿಳಿ), ಅದಕ್ಕೆ ಇದ್ದಿಲ ಕಣ ಬೆರೆತ ಒಂದು ಹನಿ ದ್ರಾವಣ. ಎಂಟು ನಿಮಿಷ ತಿರುಗಿಸುತ್ತಾರೆ. ಸೋಂಕಿಲ್ಲದಿದ್ದರೆ ಹನಿ ಒಂದೇ ಸಮನೆ ಬೂದುಬಣ್ಣವಾಗಿ ಉಳಿಯುತ್ತದೆ. ಪ್ರತಿಕಾಯಗಳಿದ್ದರೆ ಕಪ್ಪು ಕಣಗಳು ಒಂದಕ್ಕೊಂದು ಅಂಟಿ, ಹರಳು ಹರಳಾಗಿ ಒಡೆದುಕೊಳ್ಳುತ್ತವೆ. ಬೇರೆ ಕಾರಣಕ್ಕೂ ಹೀಗಾಗಬಹುದು, ಅದಕ್ಕೇ ಟಿಪಿಎಚ್‌ಎಯಂಥ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ.

ಆದರೆ ಹುಣ್ಣು ಎದ್ದ ಮೊದಲ ದಿನಗಳಲ್ಲಿ ಈ ಪ್ರತಿಕಾಯಗಳು ಎಷ್ಟೋ ಸಲ ಇನ್ನೂ ತಯಾರಾಗಿರುವುದಿಲ್ಲ. ಎದುರಿಗೆ ಹುಣ್ಣಿದೆ, ವರದಿ ನೆಗೆಟಿವ್! ಎಷ್ಟೋ ಜನ ನೆಮ್ಮದಿಯಿಂದ ಮನೆಗೆ ಹೋಗಿಬಿಡುವುದು ಇಲ್ಲೇ. ಹುಣ್ಣಿನ ರಸವನ್ನೇ ಪಿಸಿಆರ್ (ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡಿಸಬೇಕು, ಆಗದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ರಕ್ತ ಕೊಡಲೇಬೇಕು.

ಮುಂದಿನ ಹಂತದಲ್ಲಿ ಮೈಮೇಲೆ, ಅಂಗೈ ಅಂಗಾಲಿನ ಮೇಲೂ ದದ್ದು ಬರುತ್ತದೆ. ಹೆಚ್ಚಾಗಿ ತುರಿಕೆ ಇರುವುದಿಲ್ಲ. ಆಗಲೂ ರೋಗ ಹರಡುತ್ತದೆ, ಬಾಯೊಳಗೆ ಹುಣ್ಣಿದ್ದರೆ ಮುತ್ತಿನಿಂದಲೂ ಹರಡಬಹುದು. ಟಾಯ್ಲೆಟ್ ಸೀಟು, ಟವೆಲ್‌ಗಳಿಗೆ ಹೆದರಬೇಕಾಗಿಲ್ಲ, ಒಣಗಿದರೆ ಈ ಜೀವಿ ಬೇಗ ಸಾಯುತ್ತದೆ.

ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿದ್ದು ಮೆಲ್ಬರ್ನ್‌ನ ಒಂದು ಅಧ್ಯಯನ. ಗಂಡಸರೊಂದಿಗೆ ಲೈಂಗಿಕ ಸಂಬಂಧವಿದ್ದ, ಆರಂಭದ ಹಂತದ ಸಿಫಿಲಿಸ್ ಇದ್ದ 200 ಗಂಡಸರ ಬಾಯಿಯ ಮಾದರಿಯನ್ನು ಪಿಸಿಆರ್‌ನಲ್ಲಿ ನೋಡಿದರು. ಸುಮಾರು ಕಾಲು ಭಾಗ ಜನರ ಬಾಯಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಸಿಕ್ಕಿತು. ಅವರಲ್ಲಿ ಹಲವರ ಬಾಯಲ್ಲಿ ಹುಣ್ಣೇ ಇರಲಿಲ್ಲ. ಅಂದರೆ ಕಣ್ಣಿಗೆ ಕಾಣುವ ಹುಣ್ಣನ್ನಷ್ಟೇ ನಂಬಿ ಕೂತರೆ, ಯಾರಿಂದ ಯಾರಿಗೆ ದಾಟಿತು ಅನ್ನುವುದು ಪೂರ್ತಿ ಅರ್ಥವಾಗುವುದಿಲ್ಲ.

ಇಷ್ಟಾಗಿಯೂ ಈ ಆರಂಭದ ಹಂತದಲ್ಲಿ ಚಿಕಿತ್ಸೆ ಒಂದೇ ದಿನದ್ದು: 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್. ಆದರೆ ಒಬ್ಬರಿಗೆ ಕೊಟ್ಟರೆ ಸಾಲದು. ಹಿಂದಿನ 90 ದಿನಗಳಲ್ಲಿ ಅವರ ಜೊತೆ ಸಂಬಂಧವಿದ್ದವರನ್ನೂ ಕರೆಸಿ ಚಿಕಿತ್ಸೆ ಕೊಡುತ್ತಾರೆ, ಅವರ ರಕ್ತದ ವರದಿ ನೆಗೆಟಿವ್ ಬಂದಿದ್ದರೂ.