ಎಲೆಅಡಿಕೆ ತಟ್ಟೆಯಲ್ಲಿ ಹನ್ನೊಂದು ಮಾತ್ರೆ

ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಹತ್ರ ನಮ್ಮನೆ. ಮೊನ್ನೆ ಅಜ್ಜಿಯ ಎಲೆಅಡಿಕೆ ತಟ್ಟೆ ತೊಳೀಲಿಕ್ಕೆ ತೆಗ್ದಾಗ ಅಡಿಕೆ ಹೋಳಿನ ಅಡಿಯಲ್ಲಿ ಹನ್ನೊಂದು ಮಾತ್ರೆ ಸಿಕ್ಕಿದ್ವು, ಏಳು ಕ್ಯಾಲ್ಸಿಯಂ, ನಾಲ್ಕು ಕಬ್ಬಿಣದ್ದು. ಕೇಳಿದ್ರೆ "ಮರ್ತು ಹೋಯ್ತು ಮಗಾ" ಅಂದ್ರು. ಹನ್ನೊಂದು ಸಲ ಮರ್ತು ಒಂದೇ ಕಡೆ ಜೋಪಾನ ಮಾಡ್ಲಿಕ್ಕೆ ಆಗ್ತದಾ ಮಾರಾಯ್ರೆ!

ನಮ್ಮ ಅಜ್ಜಿಯೊಬ್ಬರೇ ಹೀಗಲ್ಲ. ದೀರ್ಘಕಾಲದ ಔಷಧಿಗಳನ್ನ ಸರಿಯಾಗಿ ತಗೊಳ್ಳುವವರು ಶ್ರೀಮಂತ ದೇಶಗಳಲ್ಲೂ ಸುಮಾರು ಅರ್ಧದಷ್ಟು ಜನ ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿತ್ತು. ನಾವು ಮನೆಯವರು ಮರೆವು ಅಂತ ತೀರ್ಮಾನ ಮಾಡಿ ಅಲಾರಂ ಇಡ್ತೇವೆ, ಬೈತೇವೆ. ಬೇಡ ಅನ್ಲಿಕ್ಕೆ ಅವ್ರ ಹತ್ರ ಕಾರಣ ಉಂಟಾ ಅಂತ ಕೇಳುವುದೇ ಇಲ್ಲ.

ಕೇಳಿದೆ. ಕ್ಯಾಲ್ಸಿಯಂ ಗಂಟಲಲ್ಲಿ ಸಿಕ್ಕಿಹಾಕಿಕೊಳ್ತದೆ, ಮತ್ತೆ "ಎಲೆಗೆ ಸುಣ್ಣ ಹಚ್ತೇನಲ್ಲ, ಅದೂ ಅದೇ ಅಲ್ವಾ?" ಅಂದ್ರು. ರಸಾಯನಶಾಸ್ತ್ರದಲ್ಲಿ ಅಜ್ಜಿ ಪಾಸ್, ಸುಣ್ಣ ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ, ಆದ್ರೆ ಹಚ್ಚುವುದು ಚಿಟಿಕೆ, ಅದ್ರಲ್ಲೂ ಮುಕ್ಕಾಲು ಉಗುಳಿಯೇ ಹೋಗ್ತದೆ. (ಅಡಿಕೆ ಕ್ಯಾನ್ಸರ್‌ಕಾರಕ ಅನ್ನುವುದು ಬೇರೆ ಜಗಳ, ತೋಟದ ಮನೆಯಲ್ಲಿ ಅದನ್ನ ಎತ್ತಿದ್ರೆ ಊಟ ಸಿಗ್ಲಿಕ್ಕಿಲ್ಲ.)

ಗಂಟಲಿನ ವಿಷಯ ಗೊತ್ತಾದದ್ದು ಅವ್ರು ನುಂಗುವುದನ್ನ ಪಕ್ಕದಲ್ಲಿ ಕೂತು ನೋಡಿದಾಗ. ಅಜ್ಜಿ ಚೊಂಬಿಗೆ ತುಟಿ ತಾಗಿಸುವುದಿಲ್ಲ, ತಲೆ ಹಿಂದೆ ಬಾಗಿಸಿ ನೀರನ್ನ ಎತ್ತಿಯೇ ಕುಡಿಯುವುದು. ಹಾಗೆ ಬಾಗಿಸಿದಾಗ ಶ್ವಾಸನಾಳದ ಬಾಗಿಲು ಮುಚ್ಚಿಕೊಳ್ಳುವುದು ಕಷ್ಟ, ಕೆಮ್ಮು ಬರ್ತದೆ, ವಯಸ್ಸಾದವ್ರಿಗೆ ಅಪಾಯವೂ ಹೌದು. ಗಲ್ಲ ಸ್ವಲ್ಪ ಕೆಳಗಿಟ್ಟು ಗುಟುಕು ಗುಟುಕಾಗಿ ಕುಡೀಬೇಕು. ಎಂಜಲಿನ ತಕರಾರಿಗೆ ಅವ್ರಿಗೇ ಅಂತ ಒಂದು ಸ್ಟೀಲ್ ಲೋಟ ಬೇರೆ ಇಟ್ಟೆವು, ಅಷ್ಟೆ, ಒಂದು ಜಗಳ ಮುಗಿಯಿತು.

ಕಬ್ಬಿಣದ್ದು ಇನ್ನೂ ಕಷ್ಟ. ಮಲ ಕಪ್ಪಾಯ್ತು ಅಂತ ಹೆದರಿ ಯಾರಿಗೂ ಹೇಳದೆ ನಿಲ್ಲಿಸಿದ್ದಾರೆ. ಹೀರಿಕೊಳ್ಳದೆ ಉಳಿದ ಕಬ್ಬಿಣ ಹಾಗೆ ಕಪ್ಪು ಮಾಡ್ತದೆ, ಅದು ಮಾಮೂಲು, ಆದ್ರೆ ಟಾರಿನ ಹಾಗೆ ಅಂಟಿದ್ರೆ ಡಾಕ್ಟ್ರಿಗೆ ತೋರಿಸ್ಲೇಬೇಕು. ಇದನ್ನ ಮೊದಲೇ ಯಾರೂ ಹೇಳಿರಲಿಲ್ಲ. ಕವರಿನ ಮೇಲೆ ಬರೆದದ್ದು ಮಲಯಾಳಂನಲ್ಲಿ, ಅಜ್ಜಿ ಓದಿದ್ದು ಕನ್ನಡ ಶಾಲೆಯ ನಾಲ್ಕನೇ ಕ್ಲಾಸು. ಮತ್ತೆ ಅದನ್ನ ನುಂಗ್ತಿದ್ದದ್ದು ಬೆಳಗ್ಗಿನ ಚಾಯದ ಒಟ್ಟಿಗೆ! ಚಾಯದ ಟ್ಯಾನಿನ್ ಕಬ್ಬಿಣವನ್ನ ಹಿಡ್ಕೊಂಡು ರಕ್ತಕ್ಕೆ ಹೋಗ್ಲಿಕ್ಕೆ ಬಿಡುವುದಿಲ್ಲ, ಕ್ಯಾಲ್ಸಿಯಂ ಜೊತೆಗಿದ್ರೂ ಅಡ್ಡಿಯೇ. ಮಲಬದ್ಧತೆ ಅಂತ ಡಾಕ್ಟ್ರಿಗೆ ಹೇಳಿದ್ದಕ್ಕೆ ಅವ್ರು ದಿನ ಬಿಟ್ಟು ದಿನ ಮಾಡಿದ್ರು. ಒಂದು ಮಾತ್ರೆ ತಗೊಂಡ್ರೆ ಹೆಪ್ಸಿಡಿನ್ ಅನ್ನುವ ಹಾರ್ಮೋನ್ ಏರಿ ಮರುದಿನದ್ದನ್ನ ತಡೀತದೆ, ಹಾಗಾಗಿ ಬಿಟ್ಟು ಬಿಟ್ಟು ತಗೊಂಡ್ರೆ ಪ್ರತಿ ಮಾತ್ರೆಯಿಂದ ಹೆಚ್ಚು ಸೇರ್ತದೆ ಅಂತ ಸ್ವಿಟ್ಜರ್ಲೆಂಡಿನಲ್ಲಿ ಪ್ರಯೋಗ ಮಾಡಿ ನೋಡಿದ್ದಾರೆ, ಅದು ಎಳೆ ಪ್ರಾಯದ ಹೆಂಗಸರಲ್ಲಿ, ಅಜ್ಜಿಯಂದಿರಲ್ಲಲ್ಲ, ಅದೂ ನೆನಪಿರ್ಲಿ. ಈಗ ಹತ್ತು ಗಂಟೆಗೆ, ದೇವರಿಗೆ ದಾಸವಾಳ ಇಟ್ಟ ಮೇಲೆ, ಬರೀ ನೀರಲ್ಲಿ. ಕವರಿನ ಮೇಲೆ ನಾನೇ ಕನ್ನಡದಲ್ಲಿ ದೊಡ್ಡದಾಗಿ ಬರ್ದೆ.

ಕ್ಯಾಲ್ಸಿಯಂಗೆ ಜಾಗ ಅಜ್ಜಿಯೇ ಮೊದಲೇ ಹುಡುಕಿ ಇಟ್ಟಿದ್ರಲ್ಲ! ಅವ್ರ ಮಾತ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅದು ಕರಗ್ಲಿಕ್ಕೆ ಹೊಟ್ಟೆಯ ಆಮ್ಲ ಬೇಕು, ಊಟದ ಒಟ್ಟಿಗೇ ಒಳ್ಳೇದು, ಮತ್ತೆ ಗಂಜಿ ಉಂಡು ಕೈ ತೊಳ್ದ ಅಜ್ಜಿಯ ಕೈ ನೆಟ್ಟಗೆ ಹೋಗುವುದು ಎಲೆಅಡಿಕೆ ತಟ್ಟೆಗೆ. ಹಾಗಾಗಿ ಅದ್ರಲ್ಲೇ ಒಂದು ಸಣ್ಣ ಡಬ್ಬಿ, ಮೊದಲು ಅದು, ಮತ್ತೆ ವೀಳ್ಯದೆಲೆ. ಲಂಡನ್ನಿನಲ್ಲಿ ಹೊಸ ಅಭ್ಯಾಸ ಹೇಗೆ ಅಂಟ್ತದೆ ಅಂತ 96 ಜನರನ್ನ ಗಮನಿಸಿದಾಗ ಮಧ್ಯದ ಲೆಕ್ಕ 66 ದಿನ ಬಂತು, ಕೆಲವ್ರಿಗೆ 18, ಕೆಲವ್ರಿಗೆ 254ರ ಅಂದಾಜು, ನಡುವೆ ಒಂದು ದಿನ ತಪ್ಪಿದ್ರೂ ದೊಡ್ಡ ನಷ್ಟ ಇರಲಿಲ್ಲ.

ನಮ್ಮದು ಐವತ್ತನೇ ದಿನ ಹತ್ರ ಬಂತು. ಏಕಾದಶಿಗೆ ಮಾತ್ರ ಅಜ್ಜಿ ಡಬ್ಬಿ ಮುಟ್ಟುವುದಿಲ್ಲ. ಊಟವೇ ಇಲ್ಲದ ದಿನ ಆ ಮಾತ್ರೆಯಿಂದ ಸಿಗುವುದೂ ಕಮ್ಮಿ, ನಾನೂ ಸುಮ್ನೆ ಇರ್ತೇನೆ.