ಓದುಗರ ಪ್ರಶ್ನೆ: ನಂದಿಬೆಟ್ಟ ಹತ್ತುವವರು ಗಾಲಿಬಿಯೆ ಹತ್ತಬಹುದೇ?

“ಸರ್, ತಿಂಗಳಿಗೆ ಮೂರು ಭಾನುವಾರವಾದರೂ ಸೈಕಲ್‌ನಲ್ಲಿ ನಂದಿಬೆಟ್ಟ ಹತ್ತುತ್ತೇನೆ. ಜುಲೈನಲ್ಲಿ ಫ್ರಾನ್ಸಿಗೆ ಹೋಗುವ ಅವಕಾಶ ಬಂದಿದೆ. ಅಲ್ಲಿನ ಆಲ್ಪ್ಸ್ ಪರ್ವತದ ಗಾಲಿಬಿಯೆ ಘಾಟಿ ಹತ್ತಬಹುದಾ? ಅಲ್ಲೆಲ್ಲ ಲೆಕ್ಕವಿಲ್ಲದಷ್ಟು ಹೇರ್‌ಪಿನ್ ತಿರುವುಗಳಂತೆ. ಅಷ್ಟು ಕಡಿದಾದ ರಸ್ತೆ ನನ್ನ ಕೈಲಾಗುತ್ತಾ?”

ಆಗುತ್ತದೆ. ಬೇಸಿಗೆ ಹತ್ತಿರ ಬಂತೆಂದರೆ ಈ ಪ್ರಶ್ನೆ ಹೆಸರು ಬದಲಿಸಿಕೊಂಡು ಬರುತ್ತದೆ. ಒಬ್ಬರು ಇಟಲಿಯ ಸ್ಟೆಲ್ವಿಯೊ ಅನ್ನುತ್ತಾರೆ, ಇನ್ನೊಬ್ಬರು ಫ್ರಾನ್ಸಿನ ಆಲ್ಪ್ ದ್ಯುಯೆಜ್ ಅನ್ನುತ್ತಾರೆ, ಆದರೆ ಎಲ್ಲರ ಬಾಯಲ್ಲೂ ಆ ತಿರುವುಗಳೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಮೊದಲು ಜಾಗದ ಪರಿಚಯ. ಫ್ರಾನ್ಸಿನ ಆಗ್ನೇಯಕ್ಕೆ, ಇಟಲಿ ಗಡಿಗೆ ತಾಗಿದಂತೆ ಮೋರಿಯೆನ್ ಕಣಿವೆ ಇದೆ. ಆರ್ಕ್ ನದಿಯ ಈ ಕಣಿವೆ ಸುಮಾರು 120 ಕಿ.ಮೀ. ಉದ್ದ. ಅದರ ಎರಡೂ ಮಗ್ಗುಲಿಗೆ ಮದ್ಲೆನ್, ಗ್ಲಾಂದೋನ್, ಕ್ರುವಾ ದ ಫೆರ್, ತೆಲೆಗ್ರಾಫ್, ಗಾಲಿಬಿಯೆ ಏರುಗಳು, ಕಣಿವೆಯ ತಲೆಯ ಕಡೆಗೆ 2,764 ಮೀಟರ್ ಎತ್ತರದ ಇಜೆರಾನ್. ಶಾಂಬೆರಿಯಿಂದ ರೈಲು ಹತ್ತಿದರೆ ಸಾನ್ ಜಾನ್ ಅಥವಾ ಸಾನ್ ಮಿಶೆಲ್‌ನಲ್ಲಿ ಇಳಿಯಬಹುದು. ಕಣಿವೆಯ ತಳದ ಮುಖ್ಯರಸ್ತೆಯಲ್ಲಿ ಲಾರಿಗಳ ಕಾಟವಿದೆ, ಅಲ್ಲಿ ಹೆಚ್ಚು ಹೊತ್ತು ಇರಬೇಡಿ. ನಮಗೆ ಬೇಕಾದದ್ದು ಪಕ್ಕಕ್ಕೆ ಹೊರಳಿ ಮೇಲೇರುವ ದಾರಿಗಳು.

ಈಗ ಆ ತಿರುವುಗಳು. “ತಿರುವು ಹೆಚ್ಚಿದಷ್ಟೂ ರಸ್ತೆ ಕಡಿದು” ಎಂಬ ಮಾತು ನಮ್ಮ ಸೈಕಲ್ ಬಳಗದಲ್ಲಿ ಎಷ್ಟು ಆಳಕ್ಕೆ ಬೇರೂರಿದೆಯೆಂದರೆ, ಹತ್ತಾರು ಘಾಟಿ ಹತ್ತಿದವರೂ ಅದನ್ನೇ ಹೇಳುತ್ತಾರೆ. ಇದು ತಪ್ಪು, ತಲೆಕೆಳಗಾದ ತಪ್ಪು. ರಸ್ತೆ ಕಡಿದಾಗಬಾರದು ಎಂದೇ ತಿರುವು ಹಾಕುವುದು.

ಚಾಮುಂಡಿ ಬೆಟ್ಟವನ್ನೇ ನೋಡಿ. ಸಾವಿರ ಮೆಟ್ಟಿಲು ನೇರವಾಗಿ ಮೇಲಕ್ಕೆ ಹೋಗುತ್ತವೆ, ರಸ್ತೆ ಸುತ್ತಿ ಬಳಸಿ ಹೋಗುತ್ತದೆ. ಬೆಟ್ಟ ಒಂದೇ, ತುದಿ ಒಂದೇ. ಮೆಟ್ಟಿಲಿನ ಜಾಡಿನಲ್ಲಿ ಸೈಕಲ್ ತುಳಿಯುತ್ತೇನೆ ಅನ್ನುವವರು ಯಾರಾದರೂ ಇದ್ದಾರೆಯೇ? ಹೇರು ತುಂಬಿದ ಗಾಡಿಯನ್ನು ಏರಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹೊಡೆಯುತ್ತಿದ್ದ ಗಾಡಿಯವನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ನೂರು ಮೀಟರ್ ಎತ್ತರಕ್ಕೆ ಶೇ. 10ರ ಏರಿನಲ್ಲಿ ಹೋದರೆ ಒಂದು ಕಿಲೋಮೀಟರ್ ರಸ್ತೆ ಸಾಕು. ಶೇ. 7ರ ಏರು ಬೇಕೆಂದರೆ ಹೆಚ್ಚುಕಡಿಮೆ 1,430 ಮೀಟರ್ ರಸ್ತೆ ಬೇಕು. ಬೆಟ್ಟದ ಅದೇ ಮಗ್ಗುಲಲ್ಲಿ ಈ ಹೆಚ್ಚುವರಿ 430 ಮೀಟರನ್ನು ಎಲ್ಲಿ ಇಡುವುದು? ಮಡಚಿ ಇಡಬೇಕು. ಆ ಮಡಿಕೆಯೇ ಹೇರ್‌ಪಿನ್.

ಸ್ಟೆಲ್ವಿಯೊ ರಸ್ತೆಯನ್ನು 1820ರಿಂದ 1825ರವರೆಗೆ ಆಸ್ಟ್ರಿಯಾ ಸಾಮ್ರಾಜ್ಯಕ್ಕಾಗಿ ಕಟ್ಟಿಸಿದವರು ಎಂಜಿನಿಯರ್ ಕಾರ್ಲೊ ದೊನೆಗಾನಿ. ಆಗ ಮೋಟಾರು ಎಲ್ಲಿತ್ತು? ಕುದುರೆಗಳು ಗಾಡಿ ಎಳೆದುಕೊಂಡು 2,757 ಮೀಟರ್ ಎತ್ತರ ದಾಟಬೇಕಿತ್ತು. ಹಾಗಾಗಿ ಪ್ರಾತೊ ಊರಿನ ಕಡೆಯಿಂದ 48 ತಿರುವು. 24 ಕಿ.ಮೀ.ಗಳಲ್ಲಿ 1,800 ಮೀಟರ್ ಏರಿದರೂ ಸರಾಸರಿ ಏರು ಶೇ. 7.5ರ ಆಸುಪಾಸು ಅಷ್ಟೆ. ಎರಡು ಶತಮಾನದ ಹಿಂದೆ ಕುದುರೆಯ ಉಸಿರನ್ನು ಲೆಕ್ಕ ಹಾಕಿ ಎಳೆದ ಗೆರೆಯ ಮೇಲೆ ಇವತ್ತು ನಾವು ಪೆಡಲ್ ತುಳಿಯುತ್ತಿದ್ದೇವೆ. ಆ ಎಂಜಿನಿಯರ್‌ಗೆ ಕೈ ಮುಗಿಯಬೇಕು ಅನ್ನಿಸುತ್ತದೆ ನನಗೆ.

ಇಷ್ಟು ಹೇಳಿದ ಕೂಡಲೇ ಒಬ್ಬರು ಎದ್ದು ನಿಂತು “ಹಾಗಾದರೆ ಕಲ್ಹಟ್ಟಿ?” ಎಂದು ಕೇಳುತ್ತಾರೆ. ಹೌದು, ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಹಟ್ಟಿ ಘಾಟಿಯಲ್ಲಿ 36 ತಿರುವುಗಳಿವೆ, ರಸ್ತೆಯೂ ಕಡಿದೇ. ಆದರೆ ಅಲ್ಲಿ ಕಡಿದಾಗಿರುವುದು ಬೆಟ್ಟ. 36 ಮಡಿಕೆ ಹಾಕಿದರೂ ಸಾಲದಷ್ಟು ಕಡಿದು. ತಿರುವು ಕಾಣುವುದು ಕಣ್ಣಿಗೆ, ಏರು ತಿಳಿಯುವುದು ಮೊಣಕಾಲಿಗೆ. ಎರಡೂ ಒಟ್ಟಿಗೇ ನೆನಪಿನಲ್ಲಿ ಉಳಿಯುವುದರಿಂದ ಒಂದನ್ನು ಇನ್ನೊಂದರ ಕಾರಣ ಮಾಡಿಬಿಡುತ್ತೇವೆ.

ಮೋರಿಯೆನ್ ಕಣಿವೆಯಲ್ಲೇ ಒಂದು ಸಾಕ್ಷಿ ಇದೆ. ಮೋನ್‌ವೆರ್ನಿಯೆ ಎಂಬ ಹಳ್ಳಿಗೆ ಬಂಡೆಗೋಡೆಯ ಮೇಲೆ ಶಾವಿಗೆ ಸುತ್ತಿದಂತೆ ಹೋಗುವ ರಸ್ತೆ: 3.4 ಕಿ.ಮೀ.ಗೆ 17 ತಿರುವು. 1928ರಿಂದ 1934ರವರೆಗೆ ಕಟ್ಟಿದ್ದು, ಟೂರ್ ದ ಫ್ರಾನ್ಸ್ ಸೈಕಲ್ ಓಟ ಅಲ್ಲಿಗೆ ಬಂದದ್ದು 2015ರಲ್ಲಿ. ಆ ಫೋಟೋ ನೋಡಿ ಎದೆ ನಡುಗಿದವರು ಎಷ್ಟೋ ಜನ. ಸರಾಸರಿ ಏರು ಶೇ. 8ರ ಆಸುಪಾಸು. ನಂದಿ ಹತ್ತುವವರು ಇದನ್ನು ಅರ್ಧ ಗಂಟೆಯೊಳಗೆ ಮುಗಿಸುತ್ತಾರೆ. ಇದಕ್ಕೆ ತದ್ವಿರುದ್ಧವಾಗಿ, ದಕ್ಷಿಣ ಫ್ರಾನ್ಸಿನ ಮೋನ್ ವಾಂತು ಬೆಟ್ಟವನ್ನು ಬೆದುವಾನ್ ಊರಿನಿಂದ ಹತ್ತಿ ನೋಡಿ. ನಡುವಿನ ಕಾಡಿನ ದಾರಿಯಲ್ಲಿ ಹೇರ್‌ಪಿನ್ ಅಪರೂಪ, ಏರು ಮಾತ್ರ ಸತತವಾಗಿ ಶೇ. 9ರ ಹತ್ತಿರ. ತಿರುವಿನಲ್ಲಿ ರಸ್ತೆ ಒಂದಿಷ್ಟು ಸಮತಟ್ಟಾಗುತ್ತದೆ, ಹೊರಬದಿಯಲ್ಲಿ ಹೋದರೆ ನಾಲ್ಕು ಉಸಿರು ಸಿಗುತ್ತದೆ. ನೇರ ರಸ್ತೆಯಲ್ಲಿ ಆ ನಾಲ್ಕು ಉಸಿರೂ ಇಲ್ಲ. ಆಲ್ಪ್ ದ್ಯುಯೆಜ್‌ನ 21 ತಿರುವುಗಳಿಗೆ ಕೆಳಗಿನಿಂದ ಮೇಲಕ್ಕೆ 21ರಿಂದ 1ರವರೆಗೆ ಸಂಖ್ಯೆ ಹಾಕಿದ್ದಾರೆ. ಹತ್ತುವವರು ಅವನ್ನು ಎಣಿಸಿಕೊಂಡೇ ಧೈರ್ಯ ತಂದುಕೊಳ್ಳುತ್ತಾರೆ.

ಹಾಗಾದರೆ ಗಾಲಿಬಿಯೆಯಲ್ಲಿ ಕಷ್ಟ ಇಲ್ಲವೇ? ಇದೆ. ಕಷ್ಟ ಇರುವುದು ಗಂಟೆಗಳಲ್ಲಿ.

ಸಾನ್ ಮಿಶೆಲ್ ಇರುವುದು ಸುಮಾರು 710 ಮೀಟರ್ ಎತ್ತರದಲ್ಲಿ. ಅಲ್ಲಿಂದ 12 ಕಿ.ಮೀ. ಏರಿದರೆ 1,566 ಮೀಟರಿನ ತೆಲೆಗ್ರಾಫ್. ಆಮೇಲೆ ಐದು ಕಿ.ಮೀ. ಇಳಿದು ವಲ್ವಾರ್ ಊರು. ಅಲ್ಲಿಂದ ಮತ್ತೆ 18 ಕಿ.ಮೀ. ಏರಿದರೆ 2,642 ಮೀಟರಿನ ಗಾಲಿಬಿಯೆ. ಎರಡೂ ಏರುಗಳ ಸರಾಸರಿ ಶೇ. 7ರ ಆಸುಪಾಸಿನಲ್ಲೇ. ಕೂಡಿಸಿದರೆ ಹತ್ತಬೇಕಾದ ಎತ್ತರ ಸುಮಾರು 2,100 ಮೀಟರ್. ಚೆನ್ನಾಗಿ ಅಭ್ಯಾಸವಿರುವ ಹವ್ಯಾಸಿ ಗಂಟೆಗೆ 600 ಮೀಟರ್ ಎತ್ತರ ಏರುತ್ತಾನೆ ಅಂದುಕೊಳ್ಳಿ. ಮೂರೂವರೆ ಗಂಟೆ ಬರೀ ಏರು. ನಂದಿಯಲ್ಲಿ ನಿಮಗೆ ಹಿಡಿಯುವುದು ಮುಕ್ಕಾಲು ಗಂಟೆ. ಕಾಲಿಗೆ ಈ ಏರು ಹೊಸದಲ್ಲ, ಇಷ್ಟು ಹೊತ್ತು ಹೊಸದು. ಸಾಲದ್ದಕ್ಕೆ ಕೊನೆಯ ಎಂಟು ಕಿ.ಮೀ. ಹೆಚ್ಚು ಕಡಿದು, ಮತ್ತು ತುದಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿಗೂ ಕಡಿಮೆ.

ಹಾಗಾಗಿ ಗೇರ್ ವಿಚಾರದಲ್ಲಿ ಹಟ ಬೇಡ. ಚೈನು ಸುತ್ತುವ ಹಲ್ಲುಚಕ್ರಗಳಲ್ಲಿ ಮುಂದೆ 34, ಹಿಂದೆ 34 ಹಲ್ಲು ಇದ್ದರೆ ನಿಮಿಷಕ್ಕೆ 70 ಸುತ್ತು ತುಳಿದಾಗ ವೇಗ ಗಂಟೆಗೆ 8.8 ಕಿ.ಮೀ. ಶೇ. 7ರ ಏರಿನಲ್ಲಿ ಅದು ಸರಿಯಾಗಿ ಗಂಟೆಗೆ 600 ಮೀಟರ್ ಚಿಲ್ಲರೆ ಎತ್ತರ. ಹಿಂದಿನ ಅತಿ ದೊಡ್ಡ ಹಲ್ಲುಚಕ್ರ 28 ಹಲ್ಲಿನದೇ ಆದರೆ ಅದೇ ವೇಗಕ್ಕೆ 58 ಸುತ್ತು, ಅಂದರೆ ಪ್ರತಿ ಸುತ್ತೂ ಭಾರ. ಮುಕ್ಕಾಲು ಗಂಟೆ ಹೇಗೋ ತಳ್ಳಬಹುದು, ಮೂರೂವರೆ ಗಂಟೆಗೆ ಮೊಣಕಾಲು ಒಪ್ಪುವುದಿಲ್ಲ. ಅಭ್ಯಾಸಕ್ಕೆ ನಂದಿಯೇ ಸಾಕು, ಆದರೆ ಒಂದೇ ಬೆಳಿಗ್ಗೆ ಮೂರು ಸಲ, ಒಂದೇ ಹದದಲ್ಲಿ. ಸೂರ್ಯೋದಯದ ಗದ್ದಲ ತಪ್ಪಿಸಲು ವಾರದ ದಿನ ಹೋಗಿ. ಮೈಸೂರಿನ ಒಬ್ಬ ಹುಡುಗಿ ಚಾಮುಂಡಿ ಬೆಟ್ಟವನ್ನು ಹೀಗೆ ಮತ್ತೆ ಮತ್ತೆ ಹತ್ತಿ ತಯಾರಾಗಿ, ಗಾಲಿಬಿಯೆ ತುದಿಯ ಫಲಕದ ಪಕ್ಕ ನಿಂತ ಫೋಟೋ ಕಳಿಸಿದಾಗ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ.

ಇನ್ನೊಂದು ವಿಷಯವಿದೆ. ಇಳಿಯುವುದರ ಬಗ್ಗೆ ಯಾರೂ ಕೇಳುವುದೇ ಇಲ್ಲ. ತಿರುವಿಗೆ ಹೆದರಲೇಬೇಕೆಂದರೆ ಇಳಿಯುವಾಗ ಹೆದರಿ. ಅಲ್ಲಿ ವಾಹನ ಬಲಕ್ಕೆ. ಹತ್ತುವಾಗ ಅದು ನೆನಪಿರುತ್ತದೆ. ದಣಿದು ಇಳಿಯುವಾಗ, ಎದುರಿನಿಂದ ಕಾರು ಬಂದರೆ, ಇಪ್ಪತ್ತು ವರ್ಷದ ರೂಢಿ ನಿಮ್ಮನ್ನು ಎಡಕ್ಕೆ ಎಳೆಯುತ್ತದೆ. ಪ್ರತಿ ತಿರುವಿಗೂ ಮುಂಚೆ “ಬಲ, ಬಲ” ಎಂದು ಬಾಯಿಬಿಟ್ಟು ಹೇಳಿಕೊಳ್ಳಿ, ನಾನು ಈಗಲೂ ಹೇಳಿಕೊಳ್ಳುತ್ತೇನೆ. ಬ್ರೇಕನ್ನು ತಿರುವಿಗೆ ಮೊದಲೇ ಹಿಡಿದು, ತಿರುವಿನೊಳಗೆ ಬಿಡಿ. ಉದ್ದಕ್ಕೂ ಹಿಡಿದೇ ಇಳಿದರೆ ರಿಮ್ ಕಾಯುತ್ತದೆ.

ಚಳಿಯ ಬಗ್ಗೆಯೂ ಹೇಳಬೇಕು. ಸಾವಿರ ಮೀಟರಿಗೆ ಆರೂವರೆ ಡಿಗ್ರಿ ಇಳಿಯುತ್ತದೆ ಅಂದುಕೊಂಡರೆ, ಸಾನ್ ಮಿಶೆಲ್‌ನಲ್ಲಿ 30 ಡಿಗ್ರಿ ಇದ್ದ ದಿನ ತುದಿಯಲ್ಲಿ 17, ಅದೂ ಬೆವರಿನ ಮೈಗೆ ಗಾಳಿ ಬಡಿಯುವಾಗ. ಮೊದಲ ಸಲ ನಾನು ಜಾಕೆಟ್ ಒಯ್ದಿರಲಿಲ್ಲ. ವಲ್ವಾರ್ ಮುಟ್ಟುವಷ್ಟರಲ್ಲಿ ಬೆರಳು ಸೆಟೆದು ಬ್ರೇಕ್ ಹಿಡಿತವೇ ತಿಳಿಯುತ್ತಿರಲಿಲ್ಲ. 2019ರ ಜುಲೈ 26ರಂದು ಟೂರ್ ದ ಫ್ರಾನ್ಸ್ ಇಜೆರಾನ್ ದಾಟಿ ಇಳಿಯುತ್ತಿದ್ದಾಗ ಮುಂದಿನ ರಸ್ತೆಯಲ್ಲಿ ಆಲಿಕಲ್ಲು ಸುರಿದು, ಮಣ್ಣು ಕುಸಿದು, ಓಟವನ್ನೇ ನಿಲ್ಲಿಸಬೇಕಾಯಿತು. ಇಜೆರಾನ್ ತುದಿಯಲ್ಲಿ ದಾಖಲಾಗಿದ್ದ ಸಮಯದ ಲೆಕ್ಕದಲ್ಲೇ ಎಗಾನ್ ಬೆರ್ನಾಲ್‌ಗೆ, ಓಟದಲ್ಲಿ ಒಟ್ಟಾರೆ ಮುಂದಿರುವ ಸವಾರ ತೊಡುವ ಹಳದಿ ಅಂಗಿ ಸಿಕ್ಕಿತು. ನಡುಬೇಸಿಗೆಯ ಮಾತಿದು. ಗಾಳಿ ತಡೆಯುವ ಜಾಕೆಟ್ಟು, ತುಂಬುಬೆರಳಿನ ಕೈಗವಸು ಜೇಬಿನಲ್ಲಿರಲಿ.

ನೀರು, ಬ್ರೆಡ್ಡು, ಬಾಳೆಹಣ್ಣು ಏನು ಬೇಕಾದರೂ ವಲ್ವಾರ್‌ನಲ್ಲೇ ತೆಗೆದುಕೊಳ್ಳಿ. ಹೋಗುವಾಗ ಒಮ್ಮೆ, ಬರುವಾಗ ಇನ್ನೊಮ್ಮೆ. ಏಕೆಂದರೆ ಗಾಲಿಬಿಯೆ ಇಳಿದು ಸಾನ್ ಮಿಶೆಲ್‌ಗೆ ಹಿಂದಿರುಗಬೇಕಾದರೆ, ಬೆಳಿಗ್ಗೆ ಖುಷಿಯಾಗಿ ಇಳಿದಿದ್ದ ಆ ಐದು ಕಿಲೋಮೀಟರನ್ನು ತೆಲೆಗ್ರಾಫ್‌ವರೆಗೆ ಮತ್ತೆ ಹತ್ತಬೇಕು.